ನಮ್ಮ ಬಯಲು ಬರೀ ಬಯಲಲ್ಲ



ನಾವು ಬಯಲು ನಾಡಿನ ಹೆಣ್ಣುಮಕ್ಕಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಮ್ಮ ಸೀಮೆ. ದೂರದ ಊರಿನ ಬೀಗರು ಬಂದರೆ ನಮ್ಮ ನಾಡು ನೋಡಿ ಏನನ್ನುತ್ತಾರೆ?

"ನಿಮ್ಮ ಕಡೆ ಏನೈತ್ರಿ? ಗಿಡ ಇಲ್ಲ, ನೆಳ್ಳಿಲ್ಲ. ಎತ್ತ ನೋಡಿದರೂ ಬರೀ ಬಯಲು!"

ನಾವೂ "ಹೌದ್ರಿ" ಎಂದು ಸುಮ್ಮನಾಗುತ್ತೇವೆ. ಊರ ಹೊರಗಿನ ಗಾಯರಾಣವನ್ನು ನಾವೇ ಹಾಳುಭೂಮಿ ಎಂದು ಕರೆಯುತ್ತೇವೆ. ಅಲ್ಲಿ ಉಳುವುದಿಲ್ಲ, ಬಿತ್ತುವುದಿಲ್ಲ. ಆದ್ದರಿಂದ ಅದು ಹಾಳು ಎಂದು ನಮ್ಮ ಲೆಕ್ಕ.

ಆದರೆ ಅದು ನಿಜವಾಗಿಯೂ ಹಾಳೇ? ಅಲ್ಲಿ ಯಾರೂ ಇಲ್ಲವೇ? ನಮ್ಮ ನಾಡು ಯಾಕೆ ಹೀಗಿದೆ? ಇಲ್ಲಿ ಯಾರು ಯಾರು ಬದುಕಿದ್ದಾರೆ? ಯಾರು ನಮ್ಮನ್ನು ಬಿಟ್ಟು ಹೋದರು? ಬರ್ರಿ, ಕೂಡಿ ಓದೋಣ.

ಅಂಗಳದಲ್ಲಿ ನಿಂತು ನಾಡು ನೋಡೋಣ

ಬೆಳಗಾಗೆದ್ದು ಅಂಗಳದಲ್ಲಿ ನಿಲ್ಲಿರಿ. ಸೂರ್ಯ ಹುಟ್ಟುವ ಕಡೆ ಮುಖ ಮಾಡಿರಿ. ಎರಡೂ ಕೈ ಚಾಚಿರಿ. ನಿಮ್ಮ ಮುಂದೆ ಇರುವುದು ಮೂಡಣ ದಿಕ್ಕು. ಅದಕ್ಕೆ ಪೂರ್ವ ಎಂದೂ ಹೆಸರು. ಬೆನ್ನ ಹಿಂದೆ ಪಡುವಣ, ಅಂದರೆ ಪಶ್ಚಿಮ. ಎಡಗೈ ಕಡೆ ಬಡಗಣ, ಅಂದರೆ ಉತ್ತರ. ಬಲಗೈ ಕಡೆ ತೆಂಕಣ, ಅಂದರೆ ದಕ್ಷಿಣ.

ಎಡಗೈ ಕಡೆ ನಡೆದರೆ ಇಂಡಿ ದಾಟಿ ಭೀಮಾ ಹೊಳೆ ಸಿಗುತ್ತದೆ. ಹೊಳೆಯ ಆಚೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಬಲಗೈ ಕಡೆ ನಡೆದರೆ ಕೃಷ್ಣಾ ಹೊಳೆ, ಆಲಮಟ್ಟಿ ಆಣೆಕಟ್ಟು. ಅದರ ಆಚೆ ಬಾಗಲಕೋಟೆ ಜಿಲ್ಲೆ. 1997ರ ತನಕ ಆ ಸೀಮೆಯೂ ನಮ್ಮ ಜಿಲ್ಲೆಯೊಳಗೇ ಇತ್ತು. ಎರಡು ದೊಡ್ಡ ಹೊಳೆಗಳ ನಡುವೆ ಡೋಣಿ ಹರಿಯುತ್ತದೆ. ಡೋಣಿ ನೀರು ಸವಳು, ಬಾಯಿಗೆ ಉಪ್ಪು. ಆದರೆ ಡೋಣಿ ಸಾಲಿನ ಕರಿ ಹೊಲದಲ್ಲಿ ಜೋಳ ಬೆಳೆದರೆ ಓಣಿ ಓಣಿಗೂ ಕಾಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ನಮ್ಮ ವಿಜಯಪುರ ಜಿಲ್ಲೆ ಕರ್ನಾಟಕದ ಉತ್ತರದ ತುದಿಗೆ ಹತ್ತಿರ ಇದೆ. ದೊಡ್ಡ ಜಿಲ್ಲೆ. ಸುಮಾರು 10,500 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರ್ ಅಂದರೆ 247 ಎಕರೆ ನೆಲ. 2011ರ ಜನಗಣತಿಯ ಪ್ರಕಾರ ನಮ್ಮಲ್ಲಿ ಅಷ್ಟು ನೆಲಕ್ಕೆ 207 ಜನ. ಇಡೀ ಕರ್ನಾಟಕದ ಲೆಕ್ಕ ಹಿಡಿದರೆ 319 ಜನ. ಅಂದರೆ ನಮ್ಮ ಕಡೆ ನೆಲ ಹೆಚ್ಚು, ಜನ ವಿರಳ. ಒಂದು ಊರಿಂದ ಇನ್ನೊಂದು ಊರಿಗೆ ಬಿಸಿಲಲ್ಲಿ ನಡೆದವರಿಗೆ ಈ ಮಾತು ಯಾರೂ ಹೇಳಿಕೊಡಬೇಕಿಲ್ಲ.

ಮಳೆ ಯಾಕೆ ಕಮ್ಮಿ?

ಮತ್ತೆ ಅಂಗಳದಲ್ಲಿ ನಿಲ್ಲೋಣ. ಬೆನ್ನ ಹಿಂದೆ, ಬಹಳ ದೂರದಲ್ಲಿ, ಸಮುದ್ರ ಇದೆ. ಸಮುದ್ರಕ್ಕೂ ನಮಗೂ ನಡುವೆ ಎತ್ತರದ ಬೆಟ್ಟದ ಸಾಲು ಇದೆ. ಅದಕ್ಕೆ ಪಶ್ಚಿಮ ಘಟ್ಟ ಎನ್ನುತ್ತಾರೆ.

ಮಳೆಗಾಲದಲ್ಲಿ ಸಮುದ್ರದ ಮೇಲಿಂದ ಮೋಡ ಹೊತ್ತ ಗಾಳಿ ಬರುತ್ತದೆ. ಘಟ್ಟಕ್ಕೆ ಬಡಿದು ಮೇಲೆ ಏರುತ್ತದೆ. ಮೇಲೆ ತಂಪು. ಅಲ್ಲಿಯೇ ಮಳೆ ಸುರಿದು ಬಿಡುತ್ತದೆ. ಘಟ್ಟ ಇಳಿದು ನಮ್ಮ ಕಡೆ ಬರುವಾಗ ಗಾಳಿಯಲ್ಲಿ ನೀರು ಉಳಿದಿರುವುದಿಲ್ಲ. ದೂರದಿಂದ ಕೊಡ ಹೊತ್ತು ತರುವಾಗ ದಾರಿಯಲ್ಲೇ ನೀರು ಚೆಲ್ಲಿಹೋದರೆ ಮನೆಗೆ ಬರುವುದು ತಳದ ನೀರು ಮಾತ್ರ. ಹಾಗೆಯೇ ಇದು.

ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬಿದ್ದ ಮಳೆ ಹರಿಯದೆ, ಇಂಗದೆ ಅಲ್ಲಿಯೇ ನಿಂತರೆ 23 ಅಡಿ ನೀರು ನಿಲ್ಲುತ್ತದೆ. ಮನೆ ಮಾಳಿಗೆ ಮುಳುಗುತ್ತದೆ! ನಮ್ಮಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ನಿಂತರೆ ಎರಡಡಿ. ಮೊಣಕಾಲ ಮೇಲೆ ಅಷ್ಟೇ.

ಎರಡಡಿ ನೀರಿನಲ್ಲಿ ದಟ್ಟ ಅಡವಿ ಬೆಳೆಯುವುದು ಕಷ್ಟ. ಎರಡಡಿ ನೀರಿಗೆ ಒಗ್ಗುವುದು ಹುಲ್ಲು, ಮುಳ್ಳಿನ ಕಂಟಿ, ಅಲ್ಲೊಂದು ಇಲ್ಲೊಂದು ಜಾಲಿ, ಬೇವು, ಬಾರಿ, ಕಾರಿ. ನಮ್ಮ ನಾಡಿಗೆ ಬಯಲು ಶಾಪ ಅಲ್ಲ. ಅದು ಈ ನೆಲದ, ಈ ಮಳೆಯ ಗುಣ.

ಎರೆ ಮತ್ತು ಮಡ್ಡಿ

ನಮ್ಮ ಕರಿ ಮಣ್ಣು ಎಲ್ಲಿಂದ ಬಂತು? ಅದು ಬಹಳ ಹಳೆಯ ಕತೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಮಾತು. ಆಗ ಮನುಷ್ಯರು ಇರಲಿಲ್ಲ. ನೆಲ ಬಿರಿದು ಒಳಗಿನಿಂದ ಕೆಂಡದಂಥ ಕಲ್ಲಿನ ರಸ ಉಕ್ಕಿತು. ದೋಸೆ ಹಿಟ್ಟು ಹರಡಿದ ಹಾಗೆ ಹರಡಿತು. ಒಂದರ ಮೇಲೊಂದು ಪದರ ಆಯಿತು. ಆರಿ ಕರಿಕಲ್ಲಾಯಿತು. ಮಹಾರಾಷ್ಟ್ರದ ಬಹುಭಾಗ, ನಮ್ಮ ಸೀಮೆಯ ಬಹುಭಾಗ ಆ ಕಲ್ಲಿನ ಮೇಲೆಯೇ ಕುಳಿತಿದೆ. ಬಿಸಿಲು, ಮಳೆ, ಗಾಳಿಗೆ ಆ ಕಲ್ಲು ಸವೆದು ಕರಿ ಮಣ್ಣಾಯಿತು.

ತಗ್ಗಿನಲ್ಲಿ ಮಣ್ಣು ಆಳವಾಗಿ ಕೂಡಿತು. ಅದು ಎರೆ ಹೊಲ. ಜೋಳ, ಕಡಲೆ, ಕುಸುಬಿ ಬೆಳೆಯುವುದು ಅಲ್ಲಿ. ದಿಬ್ಬದ ಮೇಲೆ ಮಣ್ಣು ತೆಳುವಾಗಿ ಉಳಿಯಿತು. ಕೆಳಗೆ ಕಲ್ಲು, ಮೇಲೆ ಗೇಣು ಮಣ್ಣು. ಅದು ಮಡ್ಡಿ.

ಎರೆ ನಮಗೆ ಅನ್ನ ಕೊಟ್ಟಿತು. ಮಡ್ಡಿ ದನಕ್ಕೆ ಹುಲ್ಲು ಕೊಟ್ಟಿತು. ಇಬ್ಬರೂ ಅಕ್ಕತಂಗಿಯರಿದ್ದ ಹಾಗೆ.

ಮಡ್ಡಿಯ ಹುಲ್ಲು ಇನ್ನೊಂದು ಕೆಲಸ ಮಾಡುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಓಡುವ ಮಳೆ ನೀರನ್ನು ತಡೆಯುತ್ತದೆ. ತಡೆದ ನೀರು ಮೆಲ್ಲಗೆ ಇಂಗಿ ಕೆಳಗಿನ ಬಾವಿಗೆ ಬರುತ್ತದೆ. ಹುಲ್ಲು ಹೋದ ಮಡ್ಡಿಯ ಮೇಲೆ ಬಿದ್ದ ಮಳೆ ಏನು ಮಾಡುತ್ತದೆ? ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತದೆ. ಬಾವಿ ಬತ್ತುತ್ತದೆ. ಕೆರೆಯಲ್ಲಿ ಹೂಳು ತುಂಬುತ್ತದೆ. ಆಮೇಲೆ ಕೊಡ ಹೊತ್ತು ದೂರ ಹೋಗುವವರು ಯಾರು? ನಾವೇ.

ಅಡವಿ ಅಂದರೆ ಗಿಡ ಮಾತ್ರವೇ?

ಅಡವಿ ಅಂದ ಕೂಡಲೇ ನಮಗೆ ಸಾಲು ಸಾಲು ದೊಡ್ಡ ಗಿಡ ನೆನಪಾಗುತ್ತವೆ. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆ ಬಡ ಜಿಲ್ಲೆ. ನೂರು ಎಕರೆಯಲ್ಲಿ ಒಂದು ಎಕರೆಯೂ ಅಂಥ ಅಡವಿ ಇಲ್ಲ.

ಆದರೆ ಹುಲ್ಲುಬಯಲೂ ಒಂದು ಬಗೆಯ ಅಡವಿಯೇ. ಅಲ್ಲಿಯೂ ಸಂಸಾರಗಳಿವೆ. ಮೊಲ, ನರಿ, ತೋಳ, ಚಿಗರಿ, ಮುಂಗಲಿ, ಉಡ, ಗೌಜುಗ, ನವಿಲು. ಇವುಗಳಿಗೆ ದಟ್ಟ ಅಡವಿ ಬೇಡ. ದೂರದ ತನಕ ಕಾಣುವ ಬಯಲು ಬೇಕು. ಓಡಲು ಜಾಗ ಬೇಕು. ಮರಿ ಅಡಗಿಸಲು ಹುಲ್ಲು ಬೇಕು.

ಇಂಥ ಬಯಲು ನಾಡಿನ ಒಂದಿಷ್ಟು ಜಾಗವನ್ನು ಸರಕಾರ ಕಾಯ್ದೆಯಿಂದ ಕಾಪಾಡಿ ಇಟ್ಟಿದೆ. ಒಂದು ಜಾಗ ನಮಗೆ ಬಹಳ ಹತ್ತಿರ ಇದೆ. ಅದರ ಹೆಸರು ಯಡಹಳ್ಳಿ.

ಹೊಳೆ ದಾಟಿದರೆ ಯಡಹಳ್ಳಿ

ಕೊಲ್ಹಾರದ ಮೊಸರು ನಮಗೆಲ್ಲ ಗೊತ್ತು. ಕೊಲ್ಹಾರ ದಾಟಿ ಕೃಷ್ಣೆಯ ಉದ್ದನೆಯ ಸೇತುವೆ ಮೇಲೆ ಹೋದರೆ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕು ಬರುತ್ತದೆ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಸಣ್ಣ ಗುಡ್ಡ, ಕುರುಚಲು ಕಂಟಿ, ಹುಲ್ಲು ಇರುವ ಜಾಗ ಇದೆ. 2016ರಲ್ಲಿ ಸರಕಾರ ಅದನ್ನು ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಎಂದು ಸಾರಿತು. ಅದರ ವಿಸ್ತಾರ 96 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಎಕರೆ ಲೆಕ್ಕದಲ್ಲಿ ಸುಮಾರು 24 ಸಾವಿರ.

ಚಿಂಕಾರ ಅಂದರೆ ಏನು? ಅದೊಂದು ಸಣ್ಣ ಜಾತಿಯ ಚಿಗರಿ. ಎತ್ತರ ಎರಡಡಿ. ತೂಕ ಸುಮಾರು 20 ಕಿಲೋ. ನಮ್ಮ ಮನೆಯ ಆಡಿನಷ್ಟೇ. ಮೈ ಬಣ್ಣ ಒಣ ಹುಲ್ಲಿನ ಹಾಗೆ. ನಿಂತರೆ ನೆಲದಲ್ಲಿ ನೆಲವಾಗಿ ಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಗಂಡಿಗೆ ಕೋಡು ಇವೆ. ಹೆಣ್ಣಿಗೂ ಸಣ್ಣ ಕೋಡು ಇರುತ್ತವೆ. ಭಯವಾದರೆ ಕಾಲು ನೆಲಕ್ಕೆ ಬಡಿದು, ಸೀನಿದ ಹಾಗೆ ಸಪ್ಪಳ ಮಾಡುತ್ತದೆ. ಜೊತೆಯವರಿಗೆ ಅದೇ ಸೂಚನೆ.

ಈ ಪ್ರಾಣಿಯ ದೊಡ್ಡ ಗುಣ ಒಂದಿದೆ. ನೀರು ಸಿಗದಿದ್ದರೂ ಬಹಳ ದಿನ ತಾಳುತ್ತದೆ. ತಿಂದ ಎಲೆ, ಕಾಯಿಯಲ್ಲಿರುವ ನೀರು ಅದಕ್ಕೆ ಸಾಕಾಗುತ್ತದೆ. ಹುಲ್ಲಿನ ಮೇಲಿನ ಇಬ್ಬನಿ ಸಾಕಾಗುತ್ತದೆ. ಬರ ನೋಡಿ ಬದುಕು ಕಲಿತ ಪ್ರಾಣಿ ಅದು. ನಮ್ಮ ಹಾಗೆಯೇ.

ಚಿಗರಿಯ ಬಗ್ಗೆ ಒಂದು ಮಾತು ನೆನಪಿಡಿ. ತಾಯಿ ಚಿಗರಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಮರಿ ಅಲುಗಾಡದೆ ಬಿದ್ದಿರುತ್ತದೆ. ಅದನ್ನು ನೋಡಿ ನಾವು "ಅಯ್ಯ, ಪಾಪ, ತಾಯಿ ಇಲ್ಲದ ಮರಿ" ಎಂದು ಮನೆಗೆ ಎತ್ತಿ ತರಬಾರದು. ತಾಯಿ ಹತ್ತಿರದಲ್ಲೇ ಇರುತ್ತದೆ. ನಾವು ಹೋದ ಮೇಲೆ ಬಂದು ಹಾಲು ಕುಡಿಸುತ್ತದೆ.

ಚಿಂಕಾರದ ಬಳಗದ ಇನ್ನೊಂದು ಪ್ರಾಣಿ ಕೃಷ್ಣಮೃಗ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೋಡು ತಿರುಚಿದ ಹಾಗೆ. ನಮ್ಮ ಕಡೆ ಚಿಗರಿ ಅಂದರೆ ಹೆಚ್ಚಾಗಿ ಇದೇ. ಇದಕ್ಕಾಗಿ ರಾಣೆಬೆನ್ನೂರಿನಲ್ಲಿ 1974ರಲ್ಲಿ ಒಂದು ಧಾಮ ಮಾಡಿದರು. ಅದು ಈಗ ಹಾವೇರಿ ಜಿಲ್ಲೆಯಲ್ಲಿದೆ.

ಎರೆಬೂತ ಎಲ್ಲಿ ಹೋಯಿತು?

ಈಗ ಒಂದು ದುಃಖದ ಸುದ್ದಿ ಓದೋಣ.

ಹಿಂದೆ ನಮ್ಮ ಬಯಲು ನಾಡಿನಲ್ಲಿ ಒಂದು ದೊಡ್ಡ ಹಕ್ಕಿ ಇತ್ತು. ಕನ್ನಡದಲ್ಲಿ ಅದಕ್ಕೆ ಎರೆಬೂತ ಎಂದು ಹೆಸರು. ದೊಡ್ಡ ಹಕ್ಕಿ ಎಂದೂ ಕರೆಯುತ್ತಿದ್ದರು. ನಿಂತರೆ ಮೂರಡಿಗೂ ಹೆಚ್ಚು ಎತ್ತರ. ದೊಡ್ಡ ಗಂಡು ಹಕ್ಕಿ 15 ಕಿಲೋ ತನಕ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ತೂಕದವು ಜಗತ್ತಿನಲ್ಲೇ ಬಹಳ ಕಮ್ಮಿ. ಅದು ಗಿಡದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲಲ್ಲಿ, ನೆಲದ ಮೇಲೆಯೇ ತತ್ತಿ ಇಡುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ತತ್ತಿ.

ಮಿಡತೆ, ಹುಳ, ಹಲ್ಲಿ, ಕಾಳು, ಬಾರಿ ಹಣ್ಣು ಇದರ ಆಹಾರ. ಬೆಳೆಗೆ ಬೀಳುವ ಹುಳವನ್ನು ತಿನ್ನುವ ಹಕ್ಕಿ ಇದು. ರೈತರ ಕೂಲಿ ಇಲ್ಲದ ಆಳು. ಹಕ್ಕಿಗಳ ಬಗ್ಗೆ ದೊಡ್ಡ ವಿದ್ವಾಂಸರಾಗಿದ್ದ ಸಲೀಂ ಅಲಿ ಅವರು ಇದನ್ನೇ ಭಾರತದ ರಾಷ್ಟ್ರಪಕ್ಷಿ ಮಾಡಬೇಕು ಎಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಈಗ ಈ ಹಕ್ಕಿ ಅಡವಿಯಲ್ಲಿ ಇಡೀ ದೇಶದಲ್ಲಿ 150ರ ಆಸುಪಾಸು ಮಾತ್ರ ಉಳಿದಿದೆ ಎಂದು ಬಲ್ಲವರ ಅಂದಾಜು. ಅವುಗಳಲ್ಲಿ ಹೆಚ್ಚಿನವು ದೂರದ ರಾಜಸ್ಥಾನದಲ್ಲಿವೆ. ನಮ್ಮ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಕಂಡದ್ದುಂಟು.

ಯಾಕೆ ಹೀಗಾಯಿತು? ಮೊದಲು ಬೇಟೆಗಾರರ ಬಂದೂಕು. ಆಮೇಲೆ ಹುಲ್ಲುಬಯಲು ಹೊಲವಾಯಿತು. ನೆಲದ ಮೇಲಿನ ತತ್ತಿಯನ್ನು ನಾಯಿ ತಿಂದವು, ದನ ತುಳಿದವು. ಕೊನೆಗೆ ದೊಡ್ಡ ಕರೆಂಟಿನ ತಂತಿ ಬಂದವು. ಈ ಹಕ್ಕಿಗೆ ಪಕ್ಕದ ನೋಟ ಚಲೋ, ನೇರ ಮುಂದಿನ ನೋಟ ಕಮ್ಮಿ. ಮೈ ಭಾರ ಬೇರೆ. ತಂತಿ ಕಂಡು ತಟ್ಟನೆ ತಿರುಗಲು ಆಗುವುದಿಲ್ಲ. ಬಡಿದು ಸಾಯುತ್ತದೆ.

ನಮ್ಮ ಭೀಮಾ ಹೊಳೆಯ ಆಚೆ, ಸೊಲ್ಲಾಪುರದ ಹತ್ತಿರ ನಾನ್ನಜ ಎಂಬ ಊರಿದೆ. 1979ರಲ್ಲಿ ಆ ಸೀಮೆಯಲ್ಲಿ ಇದೇ ಹಕ್ಕಿಗಾಗಿ ಧಾಮ ಮಾಡಿದರು. ಅದರ ವಿಸ್ತಾರ ಎಷ್ಟು ಗೊತ್ತೇ? ಸುಮಾರು 8,500 ಚದರ ಕಿಲೋಮೀಟರ್. ಅದರೊಳಗೆ ಊರುಗಳು, ಹೊಲಗಳು, ರಸ್ತೆಗಳು ಎಲ್ಲ ಬಂದವು. ಮನೆ ಕಟ್ಟಲು, ಹೊಲ ಮಾರಲು ಜನಕ್ಕೆ ತೊಡಕಾಯಿತು. ಜನ ಸಿಟ್ಟಾದರು. ಮುಂದೆ ಧಾಮವನ್ನು ಕಡಿಮೆ ಮಾಡಿ ಸುಮಾರು 1,200 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಗಳೂ ಹೋಗಿದ್ದವು. ಈಗ ಅಲ್ಲಿ ಅದು ಕಾಣುವುದೇ ಅಪರೂಪ.

ರಾಣೆಬೆನ್ನೂರಿನ ಧಾಮದಲ್ಲಿಯೂ ಈ ಹಕ್ಕಿ ಇತ್ತು. ಆದರೆ ಅಲ್ಲಿ ಬಯಲು ಖಾಲಿ ಇದೆ ಎಂದು ನೀಲಗಿರಿ ಗಿಡ ಹಚ್ಚಿದ್ದರು. ಗಿಡ ಬಂತು, ಬಯಲು ಹೋಯಿತು. ಬಯಲಿನ ಹಕ್ಕಿಯೂ ಹೋಯಿತು.

ಈ ಎರಡು ಊರಿನ ಕತೆಯಿಂದ ನಾವು ಎರಡು ಮಾತು ಕಲಿಯಬಹುದು. ಒಂದು, ಊರವರನ್ನು ಬಿಟ್ಟು ಅಡವಿ ಕಾಯಲು ಆಗುವುದಿಲ್ಲ. ಎರಡು, ಗಿಡ ಹಚ್ಚುವುದು ಒಳ್ಳೆಯದು, ಆದರೆ ಎಲ್ಲ ಕಡೆಯೂ ಅಲ್ಲ. ಮನೆ ಹಿತ್ತಲಲ್ಲಿ ಹಚ್ಚೋಣ. ಹೊಲದ ಬದುವಿಗೆ, ರಸ್ತೆ ಬದಿಗೆ, ಶಾಲೆ ಅಂಗಳಕ್ಕೆ ಹಚ್ಚೋಣ. ಹುಲ್ಲುಬಯಲನ್ನು ಹುಲ್ಲುಬಯಲಾಗಿಯೇ ಇಡೋಣ.

ತೋಳ ಬಂತು ತೋಳ

ತೋಳ ಅಂದರೆ ನಮಗೆ ಭಯ. ಕುರಿ ಕಾಯುವ ಮನೆಯವರಿಗೆ ಸಿಟ್ಟು. ಅದು ತಪ್ಪೂ ಅಲ್ಲ. ಒಂದು ಕುರಿ ಹೋದರೆ ಮನೆಯ ಗಂಟೇ ಹೋದ ಹಾಗೆ.

ಆದರೆ ಇನ್ನೊಂದು ಕಡೆಯೂ ನೋಡೋಣ. ತೋಳ ಮೊಲ, ಹೆಗ್ಗಣ, ಕಾಡುಹಂದಿಯ ಮರಿಗಳನ್ನೂ ಹಿಡಿದು ತಿನ್ನುತ್ತದೆ. ಹೊಲ ಹಾಳು ಮಾಡುವ ಪ್ರಾಣಿಗಳ ಲೆಕ್ಕ ಮೀರದಂತೆ ಇಡುತ್ತದೆ. ಬಯಲಲ್ಲಿ ಬೇಟೆ ಸಿಗದಿದ್ದಾಗಲೇ ಹಟ್ಟಿಯ ಕಡೆ ಹೆಚ್ಚು ಬರುತ್ತದೆ.

ತೋಳ ಕುರಿ ಹಿಡಿದರೆ ಏನು ಮಾಡಬೇಕು? ಸತ್ತ ಕುರಿಯನ್ನು ಕೂಡಲೇ ಹೂಳಬೇಡಿ. ಅರಣ್ಯ ಇಲಾಖೆಗೆ ತಿಳಿಸಿರಿ. 1926 ಅರಣ್ಯ ಇಲಾಖೆಯ ಸಹಾಯವಾಣಿ. ದನದ ಡಾಕ್ಟರು ನೋಡಿ ಬರೆದು ಕೊಡಲಿ. ಮನೆಯಲ್ಲಿ ಮೊಬೈಲ್ ಇದ್ದರೆ ಫೋಟೋ ತೆಗೆಸಿಡಿ. ಪರಿಹಾರಕ್ಕೆ ಅರ್ಜಿ ಕೊಡಿರಿ. ಅರ್ಜಿಯಲ್ಲಿ ಏನು ಬರೆದಿದೆ ಎಂದು ನೀವೇ ಓದಿ ಸಹಿ ಮಾಡಿರಿ.

ಸತ್ತ ಕುರಿಗೆ ವಿಷ ಹಾಕಿ ಇಡುವ ಕೆಲಸ ಮಾತ್ರ ಬೇಡ. ಆ ವಿಷ ತೋಳಕ್ಕಷ್ಟೇ ಹೋಗುವುದಿಲ್ಲ. ಹದ್ದು, ಕಾಗೆ, ನಮ್ಮ ಮನೆಯ ನಾಯಿ ಎಲ್ಲಕ್ಕೂ ಹೋಗುತ್ತದೆ. ಅದು ಅಪರಾಧ ಕೂಡ.

ತೋಳ ನಮ್ಮ ಬಯಲು ನಾಡಿನ ಪ್ರಾಣಿ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಜಾಗ ಕಾದಿಡಲಾಗಿದೆ.

ದೂರದಿಂದ ಬರುವ ಅತಿಥಿಗಳು

1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಹಲವು ವರ್ಷಗಳಲ್ಲಿ ಆಣೆಕಟ್ಟು ಎದ್ದಿತು. ಕಾಲುವೆಗೆ ನೀರು ಬಂತು. ಎಷ್ಟೋ ಊರು ಮುಳುಗಿದವು. ಆ ನೋವು ಉಂಡ ಅಕ್ಕತಂಗಿಯರು ನಮ್ಮ ನಡುವೆಯೇ ಇದ್ದಾರೆ.

ಆಣೆಕಟ್ಟಿನ ಹಿಂದೆ ನಿಂತ ನೀರಿಗೆ ಹಿನ್ನೀರು ಎನ್ನುತ್ತಾರೆ. ಚಳಿಗಾಲದಲ್ಲಿ ಹಿನ್ನೀರಿನ ದಂಡೆಗೆ ಹೋದರೆ ದೂರದಿಂದ ಬಂದ ಹಕ್ಕಿಗಳು ಕಾಣುತ್ತವೆ. ಉದ್ದ ಕಾಲಿನ, ಗುಲಾಬಿ ಬಣ್ಣದ ರಾಜಹಂಸ ಬರುತ್ತದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತು ಬರುತ್ತದೆ. ಈ ಹೆಬ್ಬಾತಿನ ತವರು ಟಿಬೆಟ್, ಮಂಗೋಲಿಯಾ. ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಆಗ ಅವು ಜಗತ್ತಿನಲ್ಲೇ ಎತ್ತರದ ಹಿಮಾಲಯ ದಾಟಿ ನಮ್ಮ ಕಡೆ ಬರುತ್ತವೆ. ಬೇಸಿಗೆ ಬಂತೆಂದರೆ ಮರಳಿ ತವರಿಗೆ.

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೂ ಇವು ವರ್ಷ ವರ್ಷ ಬರುತ್ತವೆ. ಸುತ್ತಲಿನ ಹೊಲದಲ್ಲಿ ಮೇಯುತ್ತವೆ. ಆ ಕೆರೆಯನ್ನು ಸಂರಕ್ಷಣಾ ಮೀಸಲು ಎಂದು ಕಾಪಾಡಲಾಗಿದೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೂ ಸೇರಿತು. ಒಂದು ಹಳ್ಳಿಯ ಕೆರೆಗೆ ಇದು ಸಣ್ಣ ಗೌರವ ಅಲ್ಲ.

ಕಾಯ್ದೆ ಏನು ಹೇಳುತ್ತದೆ?

1972ರಲ್ಲಿ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರ ಕೆಲವು ಮಾತು ನಮಗೆ ಗೊತ್ತಿರಬೇಕು.

ಚಿಂಕಾರ, ಕೃಷ್ಣಮೃಗ, ತೋಳ, ಎರೆಬೂತ, ನವಿಲು ಇವುಗಳನ್ನು ಕೊಲ್ಲುವುದು ದೊಡ್ಡ ಅಪರಾಧ. ಮೂರು ವರ್ಷದಿಂದ ಏಳು ವರ್ಷದ ತನಕ ಜೈಲು, ಜೊತೆಗೆ ದಂಡ.

ಕಾಪಾಡುವ ಜಾಗದಲ್ಲಿ ಬಗೆ ಬಗೆ ಇವೆ. ರಾಷ್ಟ್ರೀಯ ಉದ್ಯಾನ ಎಂಬುದು ಬಹಳ ಬಿಗಿ. ಅಲ್ಲಿ ದನ ಮೇಯಿಸುವ ಹಾಗಿಲ್ಲ. ವನ್ಯಜೀವಿ ಧಾಮದಲ್ಲಿ ಬೇಟೆ ಇಲ್ಲ, ಬೆಂಕಿ ಇಲ್ಲ, ಅಪ್ಪಣೆ ಇಲ್ಲದೆ ಕಡಿಯುವಂತಿಲ್ಲ. ಆದರೆ ದನ ಮೇಯುವುದಕ್ಕೆ ಅಧಿಕಾರಿಗಳು ನಿಯಮ ಹಾಕಿ ಬಿಡಬಹುದು. ಊರವರ ಹಕ್ಕುಗಳ ವಿಚಾರಣೆಗೂ ಕಾಯ್ದೆಯಲ್ಲಿ ದಾರಿ ಇದೆ. ಮೂರನೆಯದು ಸಂರಕ್ಷಣಾ ಮೀಸಲು. ಇದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರಿಗೂ ಜಾಗ ಇದೆ.

ಒಲೆಗೆ ಕಟಗಿ ಎಲ್ಲಿಂದ?

ಈ ಮಾತೆಲ್ಲ ಆಡುವಾಗ ನಮ್ಮಲ್ಲೊಬ್ಬ ಅಕ್ಕ ಕೇಳಿದರು: "ಚಿಗರಿ ಉಳಸ್ರಿ, ಹುಲ್ಲು ಉಳಸ್ರಿ ಅಂತೀರಿ. ನನ್ನ ಒಲಿ ಹ್ಯಾಂಗ ಉರೀಬೇಕ್ರಿ? ನನ್ನ ಆಡು ಎಲ್ಲಿ ಮೇಯಬೇಕ್ರಿ?"

ಇದು ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು.

ಮೊದಲು ಒಂದು ಮಾತು ತಿಳಿಯೋಣ. ತಲೆ ಮೇಲೆ ಒಂದು ಹೊರೆ ಕಟಗಿ ತರುವ ಹೆಣ್ಣುಮಗಳಿಂದ ಬಯಲು ಹಾಳಾಗಿಲ್ಲ. ಎಕರೆಗಟ್ಟಲೆ ಗಾಯರಾಣ ಒತ್ತಿಕೊಂಡವರಿಂದ, ಮಣ್ಣು ಕಲ್ಲು ಅಗೆದು ಮಾರಿದವರಿಂದ ಹಾಳಾಯಿತು. ಹೊಲ ಇದ್ದವರಿಗೆ ಕಣಿಕೆ ಇದೆ, ಹೊಟ್ಟಿದೆ. ಹೊಲ ಇಲ್ಲದ ಮನೆಯ ಆಡಿಗೆ ಗಾಯರಾಣವೇ ಗತಿ. ಗಾಯರಾಣ ಹೋದರೆ ಮೊದಲು ಸೋಲುವುದು ಬಡವರ ಮನೆಯ ಹೆಣ್ಣುಮಗಳು. ಆದ್ದರಿಂದ ಬಯಲು ಉಳಿಸುವುದು ಚಿಗರಿಯ ಕೆಲಸ ಅಲ್ಲ, ನಮ್ಮದೇ ಕೆಲಸ.

ಇನ್ನು ಕಟಗಿ. ತೊಗರಿ ಕಟಗಿ, ಹತ್ತಿ ಕಟಗಿ ಹೊಲದಲ್ಲಿ ಸುಡದೆ ಮನೆಗೆ ತರೋಣ. ಊರ ಸುತ್ತ ಬಳ್ಳಾರಿ ಜಾಲಿ ಹಬ್ಬಿದೆಯಲ್ಲ, ಅದನ್ನು ಕಡಿದು ಒಲೆಗೆ ಹಾಕೋಣ. ಅದು ನಮ್ಮ ನೆಲದ ಗಿಡ ಅಲ್ಲ. ದೂರದ ಅಮೆರಿಕ ಖಂಡದಿಂದ ಬಂದದ್ದು. ಆಡು ಅದರ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಬೀಳುತ್ತದೆ. ಅದು ಬಂದಲ್ಲಿ ಹುಲ್ಲು ಏಳುವುದಿಲ್ಲ. ಅದನ್ನು ಕಡಿದರೆ ಒಲೆಗೂ ಆಯಿತು, ಹುಲ್ಲಿಗೂ ಆಯಿತು. ಆದರೆ ಧಾಮದ ಒಳಗೆ ಅಪ್ಪಣೆ ಇಲ್ಲದೆ ಅದನ್ನೂ ಕಡಿಯಬಾರದು.

ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಕಟ್ಟಿಸಿದರೆ ಕಟಗಿ ಉಳಿಯುತ್ತದೆ, ಕಣ್ಣೂ ಉಳಿಯುತ್ತವೆ. ಗ್ಯಾಸ್ ಇದ್ದವರು, ಗೋಬರ್ ಗ್ಯಾಸ್ ಇದ್ದವರು ಆದಷ್ಟು ಅದನ್ನೇ ಬಳಸೋಣ.

ಉತಾರ ಓದೋಣ

ಈಗ ನಮಗೆ ಅಕ್ಷರ ಬಂದಿದೆ. ಅಂಕಿ ಬಂದಿದೆ. ಅದರಿಂದ ಏನು ಮಾಡಬಹುದು?

ನಮ್ಮ ಊರಿಗೆ ಗಾಯರಾಣ ಎಷ್ಟಿದೆ ಎಂದು ಓದಬಹುದು. ಹೊಲಕ್ಕೆ ಉತಾರ ಇರುವ ಹಾಗೆ ಗಾಯರಾಣಕ್ಕೂ ಉತಾರ ಇದೆ. ಅದರಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಬರೆದಿರುತ್ತದೆ. 40 ಗುಂಟೆ ಅಂದರೆ ಒಂದು ಎಕರೆ. ಹತ್ತು ಮಂದಿ ಕೂಡಿ ಹೋಗಿ ಉತಾರ ತೆಗೆಸಿರಿ. ಬೆರಳಿಟ್ಟು ಓದಿರಿ. ಆಮೇಲೆ ಜಾಗಕ್ಕೆ ಹೋಗಿ ನೋಡಿರಿ. ಕಾಗದದ ಮೇಲೆ ಎಷ್ಟು, ನೆಲದ ಮೇಲೆ ಎಷ್ಟು? ಕಮ್ಮಿ ಇದ್ದರೆ ಗ್ರಾಮ ಸಭೆಯಲ್ಲಿ ಎದ್ದು ಕೇಳಿರಿ. ಒಬ್ಬರೇ ಕೇಳಿದರೆ ಕೂಡ್ರು ಎನ್ನುತ್ತಾರೆ. ಇಪ್ಪತ್ತು ಮಂದಿ ಕೇಳಿದರೆ ಬರೆದುಕೊಳ್ಳುತ್ತಾರೆ.

ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂದು ಒಂದು ಸಮಿತಿ ಇರಬೇಕು. 2002ರ ಕಾಯ್ದೆ ಹಾಗೆ ಹೇಳುತ್ತದೆ. ಊರಿನ ಗಿಡ, ಹುಲ್ಲು, ಪ್ರಾಣಿ, ಹಕ್ಕಿ, ಬೀಜ ಇವುಗಳ ಲೆಕ್ಕ ಬರೆದಿಡುವುದು ಅದರ ಕೆಲಸ. ಅದರಲ್ಲಿ ಹೆಂಗಸರಿಗೂ ಜಾಗ ಇದೆ. ಯಾವ ಹುಲ್ಲು ಹಾಲು ಹೆಚ್ಚಿಸುತ್ತದೆ, ಹತ್ತರಕಿ ಪಲ್ಯ ಎಲ್ಲಿ ಏಳುತ್ತದೆ, ಯಾವ ಬೇರು ಹೊಟ್ಟೆನೋವಿಗೆ ಆಗುತ್ತದೆ, ಇದೆಲ್ಲ ಯಾರಿಗೆ ಗೊತ್ತು? ನಮಗೇ ಗೊತ್ತು. ಬಾಯಲ್ಲಿದ್ದದ್ದು ಪುಸ್ತಕಕ್ಕೆ ಬರಲಿ.

ಚರಗದ ಪಾಲು

ಎಳ್ಳ ಅಮಾವಾಸ್ಯೆಯ ದಿನ ನಾವು ಏನು ಮಾಡುತ್ತೇವೆ? ಸಜ್ಜಿ ಕಡಬು, ರೊಟ್ಟಿ, ಪಲ್ಯ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಭೂಮಿತಾಯಿಗೆ ಎಡೆ ಹಿಡಿಯುತ್ತೇವೆ. ನಾವು ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತೇವೆ. ಅದನ್ನು ಯಾರು ತಿನ್ನುತ್ತಾರೆ? ಹಕ್ಕಿ, ಇರುವೆ, ಹುಳ. ಅವೂ ಈ ಹೊಲದ ಪಾಲುದಾರರು ಎಂದು ನಮ್ಮ ಹಿರಿಯರು ತಿಳಿದಿದ್ದರು.

ಚರಗ ಅಂದರೆ ಪಾಲು. ಅನ್ನದಲ್ಲಿ ಪಾಲು ಕೊಡುವ ನಾವು ನೆಲದಲ್ಲಿಯೂ ಒಂದು ಪಾಲು ಬಿಡೋಣ. ಎರೆಬೂತ ನಮ್ಮ ಕಣ್ಣೆದುರಿಗೇ ಹೋಯಿತು. ನಮ್ಮ ಮೊಮ್ಮಕ್ಕಳಿಗೆ ಅದರ ಹೆಸರು ಮಾತ್ರ ಉಳಿಯಿತು. ಚಿಗರಿಗೂ ಹಾಗಾಗದಿರಲಿ.

ಮುಂದೆ ಬೀಗರು ಬಂದು "ನಿಮ್ಮ ಕಡೆ ಏನೈತ್ರಿ?" ಎಂದು ಕೇಳಿದರೆ ಸುಮ್ಮನಿರಬೇಡಿ. ಮಡ್ಡಿಯ ಮೇಲೆ ಕರೆದುಕೊಂಡು ಹೋಗಿ ತೋರಿಸಿರಿ.

ಕೂಡಿ ಮಾತಾಡೋಣ

1. ನಿಮ್ಮ ಊರಿನಿಂದ ಉತ್ತರಕ್ಕೆ ಯಾವ ಊರು? ದಕ್ಷಿಣಕ್ಕೆ ಯಾವ ಊರು? ಹೆಸರು ಬರೆಯಿರಿ.

2. ಮನೆಯ ಹಿರಿಯರು ಹಿಂದೆ ಬಯಲಲ್ಲಿ ಕಂಡ ಪ್ರಾಣಿ, ಹಕ್ಕಿ ಯಾವುವು? ಈಗ ಯಾವುದು ಕಾಣುವುದಿಲ್ಲ? ಕೇಳಿ ಬರೆಯಿರಿ.

3. ನಿಮ್ಮ ಊರಿನ ಗಾಯರಾಣ ಉತಾರದಲ್ಲಿ ಎಷ್ಟು ಎಕರೆ ಇದೆ? ನೆಲದ ಮೇಲೆ ಎಷ್ಟು ಉಳಿದಿದೆ?

4. ಹುಲ್ಲಿಲ್ಲದ ಮಡ್ಡಿಯಿಂದ ಬಾವಿಗೆ ಏನಾಗುತ್ತದೆ? ನಿಮ್ಮ ಊರಿನ ಬಾವಿ ನೋಡಿ ಹೇಳಿರಿ.